ಬೇಕೇ ಬೇಕು, ಇದ್ದರೆ ಸಾಕು

ಬೆಳಗಿನ ಆರೂವರೆ. ಚೌಕಿಪೇಟೆಯ ನಮ್ಮ ಸಹಕಾರಿ ಬ್ಯಾಂಕು.
ಪಾಸ್‌ವರ್ಡು ಸರಿಯಿದೆ.
ಅಕ್ಷರ ಅಕ್ಷರ ಬಾಯಲ್ಲಿ ಹೇಳಿಕೊಂಡೇ ಒತ್ತಿದ್ದೇನೆ, ಮೂರು ಸಲ.
ಸರ್ವರ್ ಮಾತ್ರ ನನ್ನನ್ನು ಕಂಡೇ ಇಲ್ಲ ಅನ್ನುತ್ತದೆ.

ನಿನ್ನೆ ಸಂಜೆ ನಾನೇ ಸೇರಿಸಿದ ಸಾಲು:
ಐದು ಸಲ ತಪ್ಪಿದವರನ್ನು ಹತ್ತು ನಿಮಿಷ ಹೊರಗೆ ನಿಲ್ಲಿಸು.
ಆಡಿಟ್‌ನವರು ಕೇಳಿದ್ದರು. ಬರೆದೆ, ಉಳಿಸಿದೆ,
ಒಮ್ಮೆಯೂ ಪರೀಕ್ಷಿಸದೆ ಲಾಗೌಟ್ ಆಗಿ
ಎಂಟರ ಸಿಟಿ ಬಸ್ಸು ಹಿಡಿದೆ.

ಆ ಫೈಲಿನ ಮಾತು ನಮ್ಮಜ್ಜಿಯ ಮಾತಿನ ಹಾಗೆ:
ಇದು ಬೇಕೇ ಬೇಕು.
ಇದಿದ್ದರೆ ಸಾಕು.
ಇದು ಇದ್ದರೂ ಸೈ, ಇಲ್ಲದಿದ್ದರೂ ಸೈ.
ಬೇಕೇ ಬೇಕು ಎಂಬಲ್ಲಿ ಸೋತವರನ್ನು
ಅಲ್ಲೇ ತಡೆಯುವುದಿಲ್ಲ, ಅದೊಂದು ಮರ್ಯಾದೆ;
ಮುಂದಕ್ಕೆ ಬಿಟ್ಟು, ಪಾಸ್‌ವರ್ಡೂ ಕೇಳಿ,
ಎಲ್ಲ ಕೇಳಿಸಿಕೊಂಡು
ಕೊನೆಗೆ ಇಲ್ಲ ಅನ್ನುತ್ತದೆ.
ಯಾವ ಸಾಲಿನಲ್ಲಿ ಸೋತೆ, ಹೇಳುವುದಿಲ್ಲ.
ನಮ್ಮ ಸಾಲದ ಕೌಂಟರೂ ಅಷ್ಟೇ.

ಅಂಜಿನಪ್ಪ ಮಂಡಕ್ಕಿ ಪೊಟ್ಟಣ ಬಿಚ್ಚುತ್ತ ಅಂದ:
'ಹಿಂದಿನ್ ರೂಮಿಂದು ಉರೀತಾನೇ ಐತಲ್ರೀ ಮೇಡಂ.
ಮುಟ್ಟಬ್ಯಾಡ ಅಂದಿದ್ರು ಹಳೇ ಸಾಹೇಬ್ರು. ನಾ ಮುಟ್ಟಿಲ್ಲ.'

ಎರಡು ವರ್ಷದಿಂದ ಸುತ್ತಲೂ ಧೂಳು ಒರೆಸಿದ್ದಾನೆ,
ಅದೊಂದನ್ನು ಬಿಟ್ಟು.
ಧೂಳಿನ ಹಿಂದೆ, ವರ್ಗವಾಗಿ ಹೋದವರು
ಮುಚ್ಚದೆ ಬಿಟ್ಟ ರೂಟ್ ಸೆಷನ್ನು:
ಮಿಣುಕುವ ಒಂದು ಗೆರೆ.
ಎಲ್ಲ ನಿಯಮಕ್ಕೂ ವಿರುದ್ಧ. ಕೂತೆ.

ಲಾಗ್ ತೆಗೆದರೆ ಒಂದೇ ದೂರು, ಹನ್ನೊಂದು ಸಲ:
ಆ ಹೆಸರಿನ ಮಾಡ್ಯೂಲ್ ಇಲ್ಲಿಲ್ಲ.
ಫೇಲ್‌ಲಾಕ್‌ಗೆ ಎರಡು ಎಲ್. ನಾನು ಒಂದೇ ಬರೆದಿದ್ದೆ.
ಹುಟ್ಟದ ಕಾವಲುಗಾರನನ್ನು ಬಾಗಿಲಿಗೆ ನಿಲ್ಲಿಸಿ
ಅವನ ಅಪ್ಪಣೆ ಬೇಕೇ ಬೇಕು ಅಂದಿದ್ದೆ.

ತಿದ್ದಿದೆ. ಈ ಸಲ ಮುಚ್ಚಲಿಲ್ಲ;
ಇನ್ನೊಂದು ಕಂಪ್ಯೂಟರಿನಿಂದ ಬಾಗಿಲು ತಟ್ಟಿ,
ಒಳಗೆ ಬಿಟ್ಟ ಮೇಲೆ ಉಸಿರು ಬಿಟ್ಟೆ.
ಅಂಜಿನಪ್ಪ ಒಂದು ಹಿಡಿ ಮಂಡಕ್ಕಿ, ಒಂದು ಮೆಣಸಿನಕಾಯಿ ಕೊಟ್ಟ.
ಖಾರಕ್ಕೆ ಕಣ್ಣೀರು ಬಂತೆಂದೇ ಇಟ್ಟುಕೊಳ್ಳಿ.

ಹತ್ತಕ್ಕೆ ಶಟರು ಎದ್ದಿತು.
ಮೊದಲ ಸರದಿ ಮಂಡಕ್ಕಿ ಭಟ್ಟಿಯ ಖೈರುನ್ಬಿ.
ಕಾದ ಮರಳಿನ ಮುಂದೆ ಮೂವತ್ತು ವರ್ಷ;
ಹೆಬ್ಬೆರಳ ಗೆರೆಯೆಲ್ಲ ಸವೆದು ನುಣ್ಣಗೆ.
ಯಂತ್ರ ಕೆಂಪಾಯಿತು.
'ನಾನೇ ಬಂದೀನಲ್ರೀ,' ಅಂದಳು,
ಯಂತ್ರಕ್ಕಲ್ಲ, ನನಗೆ.

ಇವಳ ಲಾಗ್ ಎಲ್ಲಿದೆ?
ಅಂಜಿನಪ್ಪ ಒದ್ದೆ ಬಟ್ಟೆ ತಂದ.
ಒರೆಸಿಕೊಂಡು ಒತ್ತಿದಳು. ಮತ್ತೆ ಒತ್ತಿದಳು.
ಮೂರಾಯಿತು.
ಐದರ ಲೆಕ್ಕ
ನನಗೊಬ್ಬಳಿಗೇ ಗೊತ್ತು.