ಇದ್ವಲ್‌ನ ಜೇಡಿ

ದೂರದ ಬೆಟ್ಟ ನುಣ್ಣಗೆ, ಸರಿ.
ಹತ್ತಿರದ ಬಾನೆಟ್ಟೂ ಹಾಗೇ.
ತೊಳೆದು, ಒರೆಸಿ, ಬಿಸಿಲಿಗೆ ನಿಲ್ಲಿಸಿದರೆ
ಮೋಡ ಬಂದು ಮುಖ ನೋಡಿಕೊಂಡು ಹೋಗುತ್ತದೆ.
ಕಣ್ಣನ್ನು ನಂಬಬೇಡ, ಅನ್ನುತ್ತಾನೆ ಇದ್ವಲ್,
ಬ್ರೆಡ್ಡಿನ ತೆಳು ಚೀಲವೊಂದನ್ನು ನನ್ನ ಕೈಗೆ ತೊಡಿಸಿ.
ಈಗ ಸವರು.

ಸವರಿದೆ.
ಬಿಳಿ ಬಣ್ಣದ ಮೈತುಂಬ
ಮೂರು ದಿನದ ಗಡ್ಡ.
ಬರಿಗೈಗೆ ತಿಳಿಯದ್ದು ಪ್ಲಾಸ್ಟಿಕ್ಕಿನೊಳಗಿಂದ
ಹೇಗೆ ತಿಳಿಯುತ್ತದೋ, ಅವನಿಗೂ ಗೊತ್ತಿಲ್ಲ.
'ಕುಲುಮೆ' ಅಂದ, ಅಷ್ಟೇ.

ವೇಲ್ಸಿನ ಈ ಅಂಚಿಗೆ ಗಾಳಿ ಬರುವುದು ಕಡಲಿಂದ,
ಕಡಲಿಗೂ ನಮಗೂ ನಡುವೆ ಉಕ್ಕಿನ ಕಾರ್ಖಾನೆ.
ಸೋಮವಾರ ಹರವಿದ ದುಪ್ಪಟಿ
ಮಂಗಳವಾರಕ್ಕೆ ನಸುಗೆಂಪು.
ಕಿಟಕಿಯ ಹಲಗೆ, ಚಾಪೆಲಿನ ಮೆಟ್ಟಿಲು,
ಮೀನಂಗಡಿಯ ಫಲಕದ ಮೀನಿನ ಕಣ್ಣು,
ಎಲ್ಲವನ್ನೂ ಮಳೆ ತೊಳೆಯುತ್ತದೆ.
ಕಾರಿನ ಮೇಲೆ ಕೂತ ಕಬ್ಬಿಣದ ಕಣ ಮಾತ್ರ
ಬಣ್ಣದೊಳಗೆ ಉಗುರೂರಿ ಕೂತದ್ದು,
ಬ್ರಷ್ಷಿಗೆ ಜಗ್ಗದು, ಸೋಪಿಗೆ ಬಗ್ಗದು.

ದೂರು ಬರೆದವರಿಗೆ ಕಂಪನಿ ಚೀಟಿ ಕೊಡುತ್ತಿತ್ತಂತೆ,
ಒಂದು ಸಲ ಕಾರು ತೊಳೆಸಿಕೊಳ್ಳಿ ಎಂದು.
ಇದ್ವಲ್ ಬರೆಯಲಿಲ್ಲ.
ಮೂವತ್ತೊಂದು ವರ್ಷ ನಾನೇ ಊದಿದ್ದು,
ನಾನೇ ದೂರಲೇ?

ಜೇಡಿ ಅಂದರೆ ಹೊಲದ್ದಲ್ಲ.
ನೀಲಿ ಬಿಲ್ಲೆ, ಸವೆದ ಸೋಪಿನಷ್ಟು, ಡಬ್ಬಿಯಲ್ಲಿ ಬರುವಂಥದು.
ಚಹಾದ ಮಗ್ಗಿನಲ್ಲಿ ಬಿಸಿನೀರು ಹೊಯ್ದು, ಮೆತ್ತಗಾಗಲು ಬಿಟ್ಟು,
ಕಣಕದಂತೆ ನಾದಿ, ಮೂರು ಬೆರಳಗಲ ತಟ್ಟಿದ.
ಮೊದಲು ನೀರು. ಒಣ ಮೈಗೆ ಎಂದೂ ತಾಗಿಸಬೇಡ,
ಬಿದ್ದ ಗೀರು ನಿನ್ನದೇ ಆಗುತ್ತದೆ.
ಸುತ್ತಬೇಡ, ಸೀದಾ ಹೋಗು, ಸೀದಾ ಬಾ.
ಒತ್ತಬೇಡ. ಗುರುತಿಲ್ಲದ ಬೆಕ್ಕಿನ ಬೆನ್ನು ಸವರುತ್ತೀಯಲ್ಲ,
ಅಷ್ಟು ಸಾಕು.

ಮೊದಲು ಜರ್ರ್ ಅಂತು.
ಆಮೇಲೆ ಪಿಸು.
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೆ
ತಲೆ ಓರೆ ಮಾಡಿ ಕಿವಿಗೊಡುತ್ತಾನೆ,
ಒಂದು ಕಿವಿಯನ್ನು ಕುಲುಮೆಯ ಅಬ್ಬರ ಇಟ್ಟುಕೊಂಡಿದೆ,
ಉಳಿದದ್ದರಿಂದ.

ಮಗುಚಿ ತೋರಿಸಿದ.
ನೀಲಿಯ ಮೇಲೆ ಕಂದು ಚುಕ್ಕಿ, ಗಸಗಸೆ ಚೆಲ್ಲಿದ ಹಾಗೆ.
ಮಡಿಸಿದ. ಕೊಳೆ ಒಳಗೆ, ಹೊಸ ಮುಖ ಹೊರಗೆ.
ಮತ್ತೆ ಮಗುಚಿದ, ಮತ್ತೆ ಮಡಿಸಿದ.
ಒಂದು ಬಾಗಿಲು ಮುಗಿಯುವಷ್ಟರಲ್ಲಿ
ಆ ಉಂಡೆಗೆ ನಿಜವಾದ ಮಣ್ಣಿನ ಬಣ್ಣ.
ನನ್ನ ತುಂಡು ಕೈಜಾರಿ ನೆಲಕ್ಕೆ ಬಿತ್ತು.
ಎತ್ತಿಕೊಂಡು ಉಫ್ ಎಂದು ಊದಿದೆ.
ಬಿಸಾಡು, ಅಂದ. ಒಂದು ಮರಳ ಹರಳು ಸಾಕು
ಇಷ್ಟೂ ಹೊತ್ತಿನ ಕೆಲಸ ಹಾಳು.
ಹಾಲು ಚೆಲ್ಲಿದರೆ ಬೈಯದವನು
ಇದೊಂದಕ್ಕೆ ಮುಲಾಜು ನೋಡುವುದಿಲ್ಲ.
ಆಮೇಲೆ ತನ್ನದರಲ್ಲೇ ಅರ್ಧ ಮುರಿದು ಕೊಟ್ಟ.

ಅದು ಹೋದ ವಸಂತದ ಮಾತು.
ಕುಲುಮೆ ಆರಿಸಿದ್ದು ಎಲೆ ಉದುರುವಾಗ.
ಊರೆಲ್ಲ ಗೇಟಿನ ಬಳಿ ನಿಂತಿತ್ತು, ಇದ್ವಲ್ ಹೋಗಲಿಲ್ಲ,
ಹಲ್ಲು ನೋವು ಅಂದ.

ಈ ಸಲ ನಾನೇ ಚೀಲ ತೊಟ್ಟು ಸವರಿದೆ.
ಏನೂ ಇಲ್ಲ! ಖುಷಿಯಲ್ಲಿ ಕೂಗಿಬಿಟ್ಟೆ.
ಚೀಲ ಕಿತ್ತುಕೊಂಡು ತಾನೂ ಸವರಿದ,
ಛಾವಣಿ, ಡಿಕ್ಕಿ, ಬಾಗಿಲ ಕೆಳಗಂಚು,
ಮತ್ತೆ ಛಾವಣಿ.
ಆದರೂ ಮಗ್ಗು ತರಿಸಿದ, ನೀರು ಸಿಂಪಡಿಸಿದ,
ಇಡೀ ಕಾರಿಗೆ ಜೇಡಿ ಎಳೆದ.
ಮಗುಚಿದ: ನೀಲಿ.
ಮಗುಚಿದ: ನೀಲಿ.
ಎದುರುಮನೆ ತೆಗ್ವೆನ್ ದುಪ್ಪಟಿ ಹರವುತ್ತಿದ್ದವಳು
ಏನಾದರೂ ಸಿಕ್ಕಿತೇ ಎಂದಳು, ತಮಾಷೆಗೆ.
ಕೇಳದ ಕಿವಿ ಅವಳ ಕಡೆಗಿತ್ತೋ,
ಕೇಳಿಯೂ ಸುಮ್ಮನಿದ್ದನೋ.

ಕೊನೆಗೆ ಪಕ್ಕದ ಕನ್ನಡಿಯ ಕಂಕುಳಲ್ಲಿ,
ಮಳೆಯೂ ನನ್ನ ಬೆರಳೂ ಹೋಗದ ಕಡೆ,
ಒಂದೇ ಒಂದು ಸಲ ಜರ್ರ್ ಅಂತು.

ಮಗುಚಿದ. ಚುಕ್ಕಿ.
ಮಡಿಸಲಿಲ್ಲ.
ಹಾಗೇ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ,
ಸುಮ್ಮನೆ ನಿಂತು ಏನು ನೋಡುತ್ತೀ, ಅಂದ,
ಬಿಸಿಲು ಬರುವ ಮುಂಚೆ
ಮೇಣ ತಾ.