ಗಾಜು ಬಿಸಿಯಾಗುವವರೆಗೆ

ಕ್ಯಾಮೆರಾ ಚಿಂತಾಮಣಿಯ ಮುನಿಕೃಷ್ಣನದು.
ಹನ್ನೊಂದು ಸಾವಿರ, ಎರಡು ಕಂತು,
ಜೊತೆಗೆ ಸವೆದ ಬೆಲ್ಟು, ಒಂದು ಬ್ಯಾಟರಿ,
ಮತ್ತೆ ಕಾರ್ಡಿನಲ್ಲಿ ಅವನು ಅಳಿಸಲು ಮರೆತ
ಯಾರದೋ ಆರತಕ್ಷತೆ.
ನೂರಾ ನಲವತ್ತು ಜನ ಸಾಲಾಗಿ ನಿಂತು
ನನ್ನನ್ನೇ ನೋಡಿ ನಗುತ್ತಿದ್ದರು.
ಅಳಿಸಲು ನನಗೂ ಮನಸ್ಸಾಗಲಿಲ್ಲ. ಬೇರೆ ಕಾರ್ಡು ಕೊಂಡೆ.

ಮೊದಲ ತಿಂಗಳು ಎಲ್ಲರೂ ತೆಗೆಯುವುದನ್ನೇ ತೆಗೆದೆ:
ನಂದಿ ಬೆಟ್ಟದ ಬೆನ್ನು, ದ್ರಾಕ್ಷಿ ಬಲೆಯ ಮೇಲಿನ ಇಬ್ಬನಿ,
ಬಸ್ ಸ್ಟ್ಯಾಂಡಿನ ಬೆಕ್ಕು. ಬೆಕ್ಕು ಚೆನ್ನಾಗಿ ಬಂತು.
ಆಮೇಲೆ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ,
"ಪ್ರಾಜೆಕ್ಟ್: ಹಬೆ. ನಲವತ್ತು ಬೆಳಗು. ಒಂದೇ ಲೆನ್ಸು."
ಕೆಳಗೆ ಎರಡು ಗೆರೆ ಎಳೆದೆ, ಲೆಕ್ಕದ ಉತ್ತರಕ್ಕೆ ಎಳೆಯುವ ಹಾಗೆ.

ಹಬೆ ಹುಡುಕಿಕೊಂಡು ಹೋಗಬೇಕಿರಲಿಲ್ಲ.
ಶಿಡ್ಲಘಟ್ಟದ ನಮ್ಮ ಮನೆಯ ಹಿಂದಿನ ಗೋಡೆ
ಬೆಳಕು ಹರಿಯುವ ಮುಂಚೆಯೇ ಬೆವರುತ್ತದೆ.
ಗೋಡೆಯಾಚೆ ಶೆಡ್ಡು, ಆರು ಬೇಸಿನ್,
ಕುದಿನೀರಲ್ಲಿ ಹಳದಿ ಗೂಡು ಕುಣಿಯುವ ಸದ್ದು,
ಮತ್ತು ಆ ವಾಸನೆ.
ಕಾಲೇಜಿನಲ್ಲಿ ಪಕ್ಕದವಳು ಬೆಂಚಿನ ತುದಿಗೆ ಸರಿದಾಗಲೇ
ಅದು ನನ್ನ ದುಪಟ್ಟಾದಲ್ಲೂ ಇದೆ ಅಂತ ಗೊತ್ತಾದದ್ದು.

ಮೊದಲ ದಿನ ಬಾಗಿಲು ದಾಟಿದ್ದೇ ತಡ, ಲೆನ್ಸು ಕುರುಡಾಯಿತು.
ಒರೆಸಿದೆ. ಮತ್ತೆ ಕುರುಡು.
ದುಪಟ್ಟಾದ ತುದಿ, ಕರ್ಚೀಫು, ಅಬ್ಬನ ಕನ್ನಡಕದ ಬಟ್ಟೆ,
ಯಾವುದಕ್ಕೂ ಜಗ್ಗಲಿಲ್ಲ.
ವೆಂಕಟಲಕ್ಷ್ಮಮ್ಮ ತಲೆಯೆತ್ತದೆ ಅಂದರು:
"ಸುಮ್ಕಿರಮ್ಮ, ಚಳಿಯಾಗಿಂದ ಬಂದೈತೆ ಅದು.
ಗಾಜಿಗೂ ಬಿಸಿ ಅಭ್ಯಾಸ ಆಗ್ಬೇಕಲ್ಲ."

ಹದಿನೈದು ನಿಮಿಷ. ದಿನಾ ಹದಿನೈದು ನಿಮಿಷ.
ಕೈ ಖಾಲಿ ಇದ್ದರೆ ಅಮ್ಮಿ ಬಿಡುವವಳೇ?
ಗೂಡು ಸವರುವ ಕಡ್ಡಿ ಕೊಟ್ಟು "ತುದಿ ತೆಗಿ" ಅಂದಳು.
ಗೂಡಿಗೆ ಇರುವುದು ಒಂದೇ ತುದಿ.
ಹುಡುಕಿದರೆ ಸಿಗುವುದಿಲ್ಲ; ಸವರುತ್ತಾ ಇದ್ದರೆ
ಯಾವಾಗಲೋ ತಾನೇ ಬಂದು ಕಡ್ಡಿಗೆ ಅಂಟುತ್ತದೆ.
ಹತ್ತಕ್ಕೆ ಮೂರು ಹಿಡಿದೆ ನಾನು. ಬೆಂದ ಬೆರಳು
ಬಟನ್ ಒತ್ತುವಾಗ ಬೇರೆ ಯಾರದೋ ಅನ್ನಿಸುತ್ತಿತ್ತು.

ಮೂವತ್ತೊಂದನೇ ಬೆಳಗು ಆ ಚಿತ್ರ ಸಿಕ್ಕಿತು.
ಐಎಸ್‌ಒ ಮೂರು ಸಾವಿರದ ಇನ್ನೂರು, ಮರಳು ಮರಳು ಕತ್ತಲು,
ತಗಡಿನ ತೂತಿನಿಂದ ಇಳಿದ ಬಿಸಿಲ ಕೋಲು,
ಹಬೆ, ಅಮ್ಮಿಯ ಕೆನ್ನೆ, ಎತ್ತಿದ ಕೈ,
ಕೈಯಿಂದ ರಾಟೆಯವರೆಗೆ ಬೆಳಕಿನ ನಾಲ್ಕೇ ಗೆರೆ.
ಫೋಕಸ್ ಕಣ್ಣಿನ ಮೇಲೇ ಕೂತಿತ್ತು.
ಅವತ್ತು ಕ್ಲಾಸಿನಲ್ಲಿ ಏನು ಪಾಠ ಆಯಿತೋ, ದೇವರಾಣೆ ಗೊತ್ತಿಲ್ಲ.

ರಾತ್ರಿ ಊಟವಾದ ಮೇಲೆ ತೋರಿಸಿದೆ.
ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು,
ತುಂಬಿದ ತಟ್ಟೆ ಹಿಡಿದ ಹಾಗೆ.
ಚೆನ್ನಾಗಿದೀನಾ ಅಂತ ಕೇಳುತ್ತಾಳೆ,
ಇಲ್ಲಾ ನಾಚಿಕೊಂಡು ಅಳಿಸು ಅನ್ನುತ್ತಾಳೆ ಅಂದುಕೊಂಡೆ.
"ದೊಡ್ಡದು ಮಾಡು," ಅಂದಳು.
"ಇನ್ನೂ. ಬಲಕ್ಕೆ. ಅಲ್ಲ, ಕೆಳಗೆ."
ಅವಳ ಮುಖ ಪರದೆಯಿಂದಾಚೆ ಜಾರಿಹೋಯಿತು.
"ನೋಡು, ಐದನೇ ಬೇಸಿನ್. ಎಳೆ ಕಡಿದಿದೆ.
ಅಷ್ಟು ಹೊತ್ತು ನಿಂತಿದ್ದೆಯಲ್ಲ ರುಖಿಯಾ, ಹೇಳಬಾರದಿತ್ತಾ?"

ಮೂಲೆಯಲ್ಲಿ, ಹಬೆಯ ಹಿಂದೆ, ಎರಡು ಪಿಕ್ಸೆಲ್ ದಪ್ಪದ ನೂಲು
ಯಾವುದಕ್ಕೂ ಅಂಟದೆ ಗಾಳಿಯಲ್ಲಿ ಬಾಗಿ ನಿಂತಿತ್ತು.
ನಾನು ಬೆಳಕು ಅಂದುಕೊಂಡಿದ್ದೆ.

ಮಾರನೇ ದಿನ ಲೆನ್ಸು ಎಂದಿನಂತೆ ಕುರುಡಾಯಿತು.
ಕಿಟಕಿಯ ಕಟ್ಟೆಯ ಮೇಲಿಟ್ಟು ಕಡ್ಡಿ ತಗೊಂಡೆ.
ಗಾಜು ತಿಳಿಯಾದದ್ದು ಯಾವಾಗಲೋ, ನೋಡಲಿಲ್ಲ.
ಕೊನೆಯ ಹಾಳೆಯಲ್ಲಿ ಅವತ್ತಿನ ಸಾಲು ಹೀಗಿದೆ:
ಮೂವತ್ತೆರಡು. ಫೋಟೊ ಇಲ್ಲ.
ನಾಲ್ಕನೇ ಬೇಸಿನ್, ಎರಡು ಸಲ. ಎರಡೂ ಸಲ ನಾನೇ ಕೂಗಿದ್ದು.