ಬಂಡೆಯ ಕೆಳಗೆ

ಮೊದಲು ತೂಕ.
ಊರುಗೋಲು ಗೋಡೆಗೆ, ಕ್ಯಾಲಿಪರ್ ಬಿಚ್ಚಿ ನೆಲಕ್ಕೆ,
ಗುರುತಿಲ್ಲದ ಇಬ್ಬರು ಹೆಂಗಸರು
ನನ್ನನ್ನೆತ್ತಿ ತಕ್ಕಡಿಯ ಮೇಲೆ ಕೂರಿಸುತ್ತಾರೆ.
ನಲವತ್ತು ಕಿಲೋ ಆರುನೂರು ಗ್ರಾಂ.
ಅದರಲ್ಲಿ ಎಡಗಾಲಿನ ಪಾಲೆಷ್ಟು, ಯಾರೂ ಕೇಳುವುದಿಲ್ಲ.
ನಾನೇ ಅಂದಾಜು ಮಾಡಿದ್ದೇನೆ:
ಪುಕ್ಕ ತರಿದ ಒಂದು ಕೋಳಿ, ಹೆಚ್ಚೆಂದರೆ.

ಎರಡು ವರ್ಷದವಳಿದ್ದಾಗ ಜ್ವರವಂತೆ.
ಇಟೋಕು ಸಂತೆಯ ಔಷಧಿ ಅಂಗಡಿಯವನು ಸೂಜಿ ಚುಚ್ಚಿದ,
ನಾಲ್ಕು ಬೆರಳು ಆಚೆ ಚುಚ್ಚಬೇಕಿತ್ತು.
ಜ್ವರ ಬಿಟ್ಟಿತು. ಕಾಲೂ ಬಿಟ್ಟಿತು.
ಈಗಲೂ ಇದ್ದಾನೆ ಅದೇ ಮೂಲೆಯಲ್ಲಿ;
ನಾನು ಹಾದುಹೋದರೆ ತಲೆ ತಗ್ಗಿಸಿ
ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸತೊಡಗುತ್ತಾನೆ.

ಅಮ್ಮ ಅಡಿರೆ ಬಟ್ಟೆಗೆ ಬಣ್ಣ ಹಾಕುವವಳು,
ಮೊಣಕೈವರೆಗೂ ನೀಲಿ.
ಏಳು ವರ್ಷ ನನ್ನನ್ನು ಬೆನ್ನಿಗೆ ಕಟ್ಟಿ ನಡೆದಳು
ಏರು ಬೀದಿ, ಇಳಿ ಬೀದಿ, ಶಾಲೆಯ ಮೆಟ್ಟಿಲು.
ಅವಳ ಬೆವರಿಗೆ ಬಟ್ಟೆ ಬಣ್ಣ ಬಿಡುತ್ತಿತ್ತು.
ಕುಂಟಿ ಅನ್ನುವ ಮೊದಲು ಮಕ್ಕಳು ನನ್ನನ್ನು
ನೀಲಿಕೆನ್ನೆ ಅಂದರು.

ನಮ್ಮೂರು ಅಬೆಯೊಕುಟ. ಅರ್ಥ: ಬಂಡೆಯ ಕೆಳಗೆ.
ಯಾವುದೋ ಯುದ್ಧದಲ್ಲಿ ಅಜ್ಜಂದಿರ ಅಜ್ಜಂದಿರು
ಓಲುಮೊ ಬಂಡೆಯಡಿ ತೂರಿ ಜೀವ ಉಳಿಸಿಕೊಂಡರಂತೆ.
ಕೋಚ್ ಶಿತ್ತು ಇದನ್ನು ಎಲ್ಲದಕ್ಕೂ ಹೇಳುತ್ತಾರೆ,
ಗಾಲಿಕುರ್ಚಿ ತಿರುಗಿಸುತ್ತ, ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ,
ಹಾಲಿನಪುಡಿ ಡಬ್ಬಕ್ಕೆ ಸಿಮೆಂಟು ಸುರಿದು ಮಾಡಿದ ತೂಕಗಳ ನಡುವೆ:
'ಮೇಲೆ ಭಾರ ಇದ್ದರೆ ಹೆದರೋ ಜನವಾ ನಾವು?
ಅಬಿಕೆ, ಉಸಿರು ಬಿಟ್ಟೀಯ, ಜೋಕೆ!'

ಇವತ್ತು ಇಬಾದಾನ್. ನಿಜವಾದ ಕಂಬಿ, ನಿಜವಾದ ದೀಪಗಳು.
ಕಾಲಿಗೆ ಪಟ್ಟಿ ಬಿಗಿದರು. ಅಂಗೈಗೆ ಸೀಮೆಸುಣ್ಣ.
ಮೊದಲ ಸಲ ಐವತ್ತೆಂಟು: ಎಡ ಮೊಣಕೈ ಹಿಂದುಳಿಯಿತು,
ಎರಡು ಕೆಂಪು ದೀಪ.
(ಎಡ. ಮತ್ತೆ ಎಡ. ನಗು ಬಂತು.)
ಎರಡನೆಯ ಸಲ ಅದೇ ಐವತ್ತೆಂಟು:
ಮೂರೂ ಬಿಳಿ.

ಮೂರನೆಯದು ಅರವತ್ತಮೂರು.
ಕಂಬಿ ಎದೆಗೆ ಇಳಿದಿತ್ತು, ಒಂದು ಕ್ಷಣ ನಿಂತಿತ್ತು,
ಪಟ್ಟನೆ ಕರೆಂಟ್ ಹೋಯಿತು.
'ನೆಪಾ!' ಅಂದಿತು ಸಭೆ ಒಕ್ಕೊರಲಲ್ಲಿ,
ಸೀನಿದವರಿಗೆ ಚಿರಾಯು ಅನ್ನುವಷ್ಟೇ ಸಲೀಸಾಗಿ.
ಕತ್ತಲಲ್ಲಿ ಯಾರದೋ ಕೈ ಕಂಬಿಗಾಗಿ ತಡಕಾಡಿತು.
ಮುಟ್ಟಬೇಡಿ, ಅಂದೆ. ಅಂದೆನೋ, ಅಂದುಕೊಂಡೆನೋ.
ಒತ್ತಿದೆ.

ಹೋಯಿತು ಅದು ಮೇಲಕ್ಕೆ,
ಬಾವಿಯಿಂದ ಕೊಡ ಬಂದ ಹಾಗೆ,
ಎಡ ಬಲ ಎರಡೂ ಒಟ್ಟಿಗೆ.
ಮೊಣಕೈ ಕೂತಿತು. ಇನ್ನು ರೆಫರಿ 'ರ‍್ಯಾಕ್' ಅನ್ನಬೇಕು.
ಅನ್ನಲಿಲ್ಲ. ಕಾಣದ್ದಕ್ಕೆ ಯಾರು ಏನನ್ನುತ್ತಾರೆ?
ಕಂಬಿ, ಕತ್ತಲು, ನಾನು.
ಹಿಡಿದೇ ಇದ್ದೆ.

ಒಂದು ಮೊಬೈಲ್ ಟಾರ್ಚ್ ಹೊತ್ತಿತು, ಹತ್ತು, ನಲವತ್ತು.
ಆಚೆ ಜನರೇಟರ್ ಕೆಮ್ಮಿ ಕೆಮ್ಮಿ ಎದ್ದಿತು.
ತೀರ್ಪುಗಾರರು ಮೂವರೂ ಒಳ್ಳೆಯವರೇ:
'ನೋಡಿಲ್ಲ, ಮಗಳೇ. ಇನ್ನೊಮ್ಮೆ ಎತ್ತು.'
ಹತ್ತು ನಿಮಿಷ ಕೊಟ್ಟರು. ಎತ್ತಿದೆ.
ನಾಲ್ಕು ಬೆರಳು ಮೇಲೆ ಬಂದು ನಿಂತಿತು ಕಂಬಿ,
ನಡುಗಿತು, ಮತ್ತೆ ನನ್ನ ಎದೆಗೇ ಬಂತು.
ಕಾಗದದಲ್ಲಿ ಐವತ್ತೆಂಟು. ಐವರಲ್ಲಿ ನಾಲ್ಕನೆಯವಳು.

ವಾಪಸು ಬರುವಾಗ ಡಾನ್ಫೋದವನು
ಊರುಗೋಲಿಗೂ ಅರ್ಧ ಟಿಕೆಟ್ ಕೇಳಿದ.
ಅಮ್ಮ ಅವನ ವಂಶವನ್ನೆಲ್ಲ ಜಾಲಾಡಿ
ಆಮೇಲೆ ನನ್ನ ತೋಳಿಗೆ ಶಿಯಾ ಬೆಣ್ಣೆ ತಿಕ್ಕುತ್ತ ಕೇಳಿದಳು:
'ಕತ್ತಲಲ್ಲಿ ಎತ್ತಿದ್ದು ಎಷ್ಟು?'
ಅರವತ್ತಮೂರು.
'ಹೂಂ,' ಅಂದಳು. 'ನಾನೂ ಅಷ್ಟೇ ಇದ್ದೀನಿ.'

ನಾಳೆ ಸಂತೆ.
ಔಷಧಿ ಅಂಗಡಿಯ ಮುಂದೆ ಒಂದು ಸಲ ನಿಲ್ಲಬೇಕು,
ಏನೂ ಕೇಳಲಿಕ್ಕಲ್ಲ.
ಅವನು ಚಿಲ್ಲರೆ ಎಣಿಸಿ ಮುಗಿಸುವವರೆಗೆ.